ಕಲಬುರಗಿಯ ಮನೆಗೆ ಸ್ಮಾರ್ಟ್ ಸಾಮಾನು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದನ್ನು ಬಿಡಬೇಕು

ನಮ್ಮ ಕಡೆಯ ಮನೆಗೆ ಆಟೊಮೇಷನ್ ಬೇಕಾ ಎಂದು ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ನೀರಿನ ಮೋಟಾರ್ ಬಗ್ಗೆ. ಜಾಹೀರಾತಿನಲ್ಲಿ ತೋರಿಸುವುದು ಬಣ್ಣ ಬದಲಿಸುವ ಬಲ್ಬು, ಮಾತು ಕೇಳುವ ಸ್ಪೀಕರ್, ಬೆರಳಿಟ್ಟರೆ ತೆರೆಯುವ ಬೀಗ. ಕಲಬುರಗಿ, ಬೀದರ್, ಯಾದಗಿರಿಯ ಮನೆಗಳ ಕಷ್ಟವೇ ಬೇರೆ. ನಳ ದಿನಾ ಬರುವುದಿಲ್ಲ. ಬಂದಾಗ ಸಂಪು ತುಂಬಿಸಿಕೊಂಡು ಮಾಳಿಗೆ ಮೇಲಿನ ಟ್ಯಾಂಕಿಗೆ ಏರಿಸಬೇಕು. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಅದೇ ಹೊತ್ತಿಗೆ ಕರೆಂಟ್ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ್ದಾರೆ. ಇಲ್ಲಿ ಉಳಿದವರು ವಯಸ್ಸಾದ ಅಪ್ಪ ಅವ್ವ ಇಬ್ಬರೇ.

ಇದನ್ನೆಲ್ಲ ಮುಂದಿಟ್ಟುಕೊಂಡು ಪ್ರತಿ ಸಾಮಾನಿಗೂ ಒಂದೇ ಪ್ರಶ್ನೆ ಕೇಳಿ: ನೆಟ್ ಹೋದರೆ ಇದು ಕೆಲಸ ಮಾಡುತ್ತದಾ? ಮಾಡುತ್ತದೆ ಅಂದರೆ ಅದು ಹೆಚ್ಚು ದಿನ ಬಾಳುತ್ತದೆ, ಹೊರಗಿನವರು ಅದರೊಳಗೆ ನುಗ್ಗುವುದೂ ಕಷ್ಟ. ಮಾಡುವುದಿಲ್ಲ ಅಂದರೆ ಅದರ ಬೆಲೆ ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಜಾಸ್ತಿ. ಖರ್ಚು ಮತ್ತು ಭದ್ರತೆ ಎರಡು ಬೇರೆ ಲೆಕ್ಕ ಎಂದು ಜನ ತಿಳಿಯುತ್ತಾರೆ. ನನ್ನ ಮಟ್ಟಿಗೆ ಎರಡಕ್ಕೂ ಉತ್ತರ ಈ ಪ್ರಶ್ನೆಯಲ್ಲೇ ಸಿಗುತ್ತದೆ.

ಇರುವ ದಾರಿಗಳು

ಒಂದು, ನೆಟ್ ಬೇಡದ ಸರಳ ಸಾಮಾನು. ಟ್ಯಾಂಕ್ ತುಂಬಿದರೆ ಮೋಟಾರ್ ನಿಲ್ಲಿಸುವ ಕಂಟ್ರೋಲರ್, ಟೈಮರ್ ಸಾಕೆಟ್, ಯಾರಾದರೂ ಬಂದರೆ ತಾನೇ ಹತ್ತುವ ಸೆನ್ಸರ್ ಬಲ್ಬು, ಕಡಿಮೆ ಕರೆಂಟ್ ಎಳೆಯುವ, ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನ್ ಇವೆಲ್ಲ ಇದರಲ್ಲಿ ಬರುತ್ತವೆ. ಐದಾರು ನೂರರಿಂದ ಮೂರು ನಾಲ್ಕು ಸಾವಿರದೊಳಗೆ ಒಂದೊಂದು ಸಿಗುತ್ತದೆ.

ಎರಡು, ವೈಫೈ ಸಾಮಾನು. ಸ್ಮಾರ್ಟ್ ಪ್ಲಗ್, ಸ್ಮಾರ್ಟ್ ಬಲ್ಬು, ಎಸಿ ರಿಮೋಟಿನ ಕೆಲಸ ಮಾಡುವ ಐಆರ್ ಡಬ್ಬಿ, ಕ್ಯಾಮೆರಾ. ಬಿಡಿಯಾಗಿ ತರಬಹುದು, ಫೋನಿನಲ್ಲೇ ನಡೆಸಬಹುದು. ಆದರೆ ಹೆಚ್ಚಿನವುಗಳಲ್ಲಿ ನೀವು ಒತ್ತಿದ ಗುಂಡಿಯ ಸುದ್ದಿ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ನಿಮ್ಮ ಮನೆಗೆ ವಾಪಸ್ ಬರುತ್ತದೆ.

ಮೂರು, ಮನೆಯೊಳಗೇ ಒಂದು ಹಬ್, ಅಂದರೆ ಎಲ್ಲ ಸಾಮಾನನ್ನು ಜೋಡಿಸುವ ಡಬ್ಬಿ, ಇಟ್ಟು ಅದರ ಮೂಲಕ ನಡೆಸುವುದು. ವೈಫೈ ಬದಲು ಜಿಗ್‌ಬೀ ಎಂಬ ಬೇರೆ ಸಿಗ್ನಲ್ ಬಳಸುವ ಸ್ವಿಚ್ಚುಗಳು, ಹಳೇ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮೇಲೆ ಓಡುವ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ಸಾಫ್ಟ್‌ವೇರ್. ಇಲ್ಲಿ ಆದೇಶ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ.

ನಾಲ್ಕು, ಮನೆ ಕಟ್ಟುವಾಗಲೇ ಗೋಡೆಯೊಳಗೆ ವೈರ್ ಎಳೆದು ಮಾಡುವ ಪೂರಾ ವ್ಯವಸ್ಥೆ. ಕೆಎನ್‌ಎಕ್ಸ್ ಇಂಥದ್ದು. ಖರ್ಚು ಲಕ್ಷಗಳಲ್ಲಿ. ದೊಡ್ಡ ಬಂಗಲೆಗೆ, ಹೋಟೆಲಿಗೆ ಸರಿ. ಇದನ್ನು ರಿಪೇರಿ ಮಾಡುವವರು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರಬೇಕಾದರೆ ನಮ್ಮ ಊರಿನ ಸಾಮಾನ್ಯ ಮನೆಗೆ ಇದು ಬೇಡ. ಇದರ ಬಗ್ಗೆ ಇಷ್ಟೇ ಸಾಕು.

ಮೊದಲ ದುಡ್ಡು ನೀರಿಗೆ

ಸಂಪಿನ ಮೋಟಾರ್ ಹಚ್ಚಿ ಮರೆಯುವುದು ನಮ್ಮಲ್ಲಿ ಹೊಸದಲ್ಲ. ಓಣಿಯಲ್ಲಿ ಯಾರದೋ ಮಾಳಿಗೆಯಿಂದ ನೀರು ಸುರಿಯುತ್ತಿದ್ದರೆ ಎದುರು ಮನೆಯವರು "ನಿಮ್ಮ ಟ್ಯಾಂಕ್ ತುಂಬ್ಯದ, ಮೋಟಾರ್ ಬಂದ್ ಮಾಡ್ರಿ" ಎಂದು ಕೂಗಿ ಹೇಳಬೇಕು. ನಿಮಿಷಕ್ಕೆ 30 ಲೀಟರ್ ಎತ್ತುವ ಮೋಟಾರ್ ಅರ್ಧ ಗಂಟೆ ಸುಮ್ನೆ ಓಡಿದರೆ 900 ಲೀಟರ್ ಚರಂಡಿಗೆ ಹೋಯಿತು. ನಾಲ್ಕು ದಿನಕ್ಕೊಮ್ಮೆ ನೀರು ಕಾಣುವವರಿಗೆ ಇದು ಸಣ್ಣ ಲೆಕ್ಕವಲ್ಲ. ಇನ್ನೊಂದು ಕಡೆ, ಸಂಪು ಖಾಲಿಯಾದ ಮೇಲೂ ಮೋಟಾರ್ ಓಡಿದರೆ ವೈಂಡಿಂಗ್ ಸುಟ್ಟು ಕೆಲವು ಸಾವಿರ ಖರ್ಚು ಬೀಳುತ್ತದೆ.

ಇಲ್ಲಿ ಮೂರು ಆಯ್ಕೆ ಇವೆ. ತುಂಬಿದಾಗ ಬರೀ ಕೂಗುವ ಅಲಾರಂ ಎರಡು ಮೂರು ನೂರಕ್ಕೆ ಸಿಗುತ್ತದೆ. ಆದರೆ ಮನೆಯಲ್ಲಿ ಎದ್ದು ಹೋಗಿ ಬಂದ್ ಮಾಡುವವರು ಇರಬೇಕು. ಆಟೊಮ್ಯಾಟಿಕ್ ಕಂಟ್ರೋಲರ್ ಸುಮಾರು ಒಂದೂವರೆಯಿಂದ ಮೂರೂವರೆ ಸಾವಿರ. ಟ್ಯಾಂಕ್ ಕೆಳಗಿಳಿದರೆ ಮೋಟಾರ್ ಹಚ್ಚುತ್ತದೆ, ತುಂಬಿದರೆ ನಿಲ್ಲಿಸುತ್ತದೆ, ಸಂಪಿನಲ್ಲಿ ನೀರಿಲ್ಲದಿದ್ದರೆ ಹಚ್ಚುವುದೇ ಇಲ್ಲ. ಮೂರನೇದು ವೈಫೈ ಇರುವ ಕಂಟ್ರೋಲರ್. ಟ್ಯಾಂಕಿನಲ್ಲಿ ಎಷ್ಟು ನೀರಿದೆ ಎಂದು ಫೋನಿನಲ್ಲಿ ತೋರಿಸುತ್ತದೆ, ಬೆಲೆ ಇನ್ನೂ ಜಾಸ್ತಿ.

ನಾನು ನಡುವಿನದಕ್ಕೆ ಓಟು ಹಾಕುತ್ತೇನೆ. ಮೋಟಾರ್ ತಾನೇ ನಿಲ್ಲುತ್ತದೆ ಅಂದ ಮೇಲೆ ಟ್ಯಾಂಕಿನ ಮಟ್ಟವನ್ನು ಫೋನಿನಲ್ಲಿ ನೋಡಿ ಮಾಡುವುದೇನು? ಕೊಳ್ಳುವಾಗ ಒಂದು ವಿಷಯ ನೋಡಿ. ಕೆಲವದರಲ್ಲಿ ನೀರಿನೊಳಗೆ ಲೋಹದ ಕಡ್ಡಿಗಳನ್ನು ಇಳಿಬಿಡುತ್ತಾರೆ. ನಮ್ಮ ಬೋರಿನ ನೀರು ಗಡಸು. ಕಡ್ಡಿಗೆ ಬಿಳಿ ಪದರ ಕಟ್ಟಿ, ಕೆಲವೇ ತಿಂಗಳಲ್ಲಿ ತಪ್ಪು ತೋರಿಸಲು ಶುರು ಮಾಡುತ್ತದೆ. ತೇಲುವ ಫ್ಲೋಟ್ ಸೆನ್ಸರ್ ಇರುವುದನ್ನೇ ಕೇಳಿ ತನ್ನಿ. ಕಂಟ್ರೋಲರ್ ಕೆಟ್ಟ ದಿನ ಕೈಯಿಂದ ಹಚ್ಚಲು ಬೈಪಾಸ್ ಸ್ವಿಚ್ ಇರಲೇಬೇಕು.

ಹೊಲದ ಬೋರ್‌ವೆಲ್‌ಗೆ ಹಾಕುವ ಮೊಬೈಲ್ ಸ್ಟಾರ್ಟರ್ ಕೂಡ ಇದೇ ಜಾತಿಯದು. ಸಿಮ್ ಮೇಲೆ ನಡೆಯುತ್ತದೆ, ಫೋನ್ ಮಾಡಿದರೆ ಪಂಪು ಚಾಲೂ ಆಗುತ್ತದೆ. ರಾತ್ರಿ ತ್ರೀ ಫೇಸ್ ಬಂದಾಗ ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ನಡೆಯುವುದು ತಪ್ಪಿತಲ್ಲ, ಅಷ್ಟಕ್ಕೇ ಅದರ ಬೆಲೆ ಸಾರ್ಥಕ. ಆದರೆ ನೋಂದಾಯಿಸಿದ ನಂಬರಿನಿಂದ ಬಂದ ಕರೆಗೆ ಮಾತ್ರ ಓಗೊಡುವ ಸ್ಟಾರ್ಟರ್ ತೆಗೆದುಕೊಳ್ಳಿ. ಯಾರು ಫೋನ್ ಮಾಡಿದರೂ ಚಾಲೂ ಆಗುವಂಥದ್ದು ಬೇಡ.

ಸೆಕೆ, ಫ್ಯಾನು ಮತ್ತು 200 ಯೂನಿಟ್

ಸ್ಮಾರ್ಟ್ ಸಾಮಾನು ಹಾಕಿದರೆ ಕರೆಂಟ್ ಬಿಲ್ ಇಳಿಯುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. 9 ವ್ಯಾಟ್‌ನ ಎಲ್‌ಇಡಿ ಬಲ್ಬನ್ನು ದಿನಾ ಮೂರು ಗಂಟೆ ಮರೆತು ಬಿಟ್ಟರೂ ತಿಂಗಳಿಗೆ ಒಂದು ಯೂನಿಟ್ ಕೂಡ ಆಗುವುದಿಲ್ಲ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ ತಿಂಗಳಿಗೆ ಐದು ರೂಪಾಯಿ ನಷ್ಟ. ಅದನ್ನು ಉಳಿಸಲು ಐದಾರು ನೂರರ ಸ್ಮಾರ್ಟ್ ಬಲ್ಬು ತಂದರೆ ದುಡ್ಡು ವಾಪಸ್ ಬರುವ ಹೊತ್ತಿಗೆ ಬಲ್ಬೇ ಉಳಿದಿರುವುದಿಲ್ಲ. ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಸ್ಮಾರ್ಟ್ ಸಾಮಾನು ಬಂದ್ ಮಾಡಿದಾಗಲೂ ವೈಫೈಗೆ ಕಿವಿಗೊಟ್ಟು ಕೂತಿರುತ್ತದೆ, ಅದಕ್ಕೂ ಕರೆಂಟ್ ಬೇಕು. ಒಂದೊಂದು ಒಂದು ವ್ಯಾಟ್ ಎಳೆದರೆ, ಅಂಥ 20 ಸಾಮಾನಿಗೆ ತಿಂಗಳಿಗೆ 14 ಯೂನಿಟ್ ಆಗುತ್ತದೆ.

ನಮಗೆ ಈ ಯೂನಿಟ್ ಲೆಕ್ಕ ಮುಖ್ಯ. ಗೃಹ ಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ಕಲಬುರಗಿಯಲ್ಲೇ. 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10 (ಬಳಕೆ ತೀರಾ ಕಡಿಮೆ ಇದ್ದವರಿಗೆ 10 ಯೂನಿಟ್), ಅಷ್ಟರೊಳಗೆ ಇದ್ದರೆ ಸೊನ್ನೆ ಬಿಲ್. ಅದನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು. 200 ದಾಟಿದರೆ ಪೂರಾ ಬಿಲ್ ಕಟ್ಟಬೇಕು. ಅಂದರೆ 190ಕ್ಕೂ ಸೊನ್ನೆ ಬಿಲ್ ಬರುವ ಮನೆಗೆ 190 ಮತ್ತು 210ರ ನಡುವೆ ಇರುವುದು 20 ಯೂನಿಟ್ ಅಷ್ಟೇ ಅಲ್ಲ, ಸಾವಿರಕ್ಕೂ ಹೆಚ್ಚು ರೂಪಾಯಿ.

ಈ ಗೆರೆಯೊಳಗೆ ಉಳಿಯಲು ನಿಜವಾಗಿ ನೆರವಾಗುವುದು ಬಿಎಲ್‌ಡಿಸಿ ಫ್ಯಾನ್. ಹಳೇ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ದಿನಕ್ಕೆ 15 ಗಂಟೆ ತಿರುಗಿದರೆ ಒಂದು ಫ್ಯಾನಿನಿಂದಲೇ ತಿಂಗಳಿಗೆ 20 ಯೂನಿಟ್ ಉಳಿತಾಯ. ನಮ್ಮ ಊರಲ್ಲಿ ವರ್ಷದ ಎಂಟು ತಿಂಗಳು ಫ್ಯಾನ್ ನಿಲ್ಲುವುದಿಲ್ಲ, ಅಲ್ವಾ? ಸಾದಾ ಫ್ಯಾನಿಗಿಂತ ಸಾವಿರ, ಒಂದೂವರೆ ಸಾವಿರ ಜಾಸ್ತಿ ಕೊಟ್ಟರೂ ಆ ದುಡ್ಡು ಎರಡು ವರ್ಷದೊಳಗೆ ವಾಪಸ್ ಬರುತ್ತದೆ. ಸೊನ್ನೆ ಬಿಲ್ ಬರುವವರಿಗೂ ಲಾಭ ಇದೆ. ಕರೆಂಟ್ ಹೋದಾಗ ಅದೇ ಇನ್ವರ್ಟರ್ ಬ್ಯಾಟರಿ ಮೇಲೆ ಫ್ಯಾನ್ ಎರಡು ಪಟ್ಟು ಹೊತ್ತು ತಿರುಗುತ್ತದೆ. ಈ ಫ್ಯಾನುಗಳಲ್ಲಿ ಐಆರ್ ರಿಮೋಟಿನದು, ವೈಫೈ ಇರುವುದು ಎಂದು ಎರಡು ತರ ಸಿಗುತ್ತವೆ. ರಿಮೋಟಿನದು ಸಾಕು. ಮಂಚದಿಂದ ಏಳಲಾರದ ಹಿರಿಯರಿಗೆ ಬೇಕಾದ ಆಟೊಮೇಷನ್ ಆ ರಿಮೋಟಿನಲ್ಲೇ ಇದೆ.

ಎಸಿ ವಿಷಯಕ್ಕೆ ಬಂದರೆ, ಗಂಟೆಗೆ ಒಂದು ಕಾಲು ಯೂನಿಟ್ ಹಿಡಿದು ರಾತ್ರಿ ಆರು ಗಂಟೆ ಓಡಿಸಿದರೆ ತಿಂಗಳಿಗೆ 225 ಯೂನಿಟ್. ಎಸಿ ಒಂದೇ ಗೆರೆ ದಾಟಿಸಿತು. ಬೆಳಗಿನ ಜಾವ ತಾನೇ ಆರಲಿ ಎಂದು ಐಆರ್ ಡಬ್ಬಿ ತರುವವರಿದ್ದಾರೆ. ಎಸಿ ರಿಮೋಟಿನಲ್ಲೇ ಟೈಮರ್ ಇರುತ್ತದೆ, ಒಮ್ಮೆ ಒತ್ತಿ ನೋಡಿ. ಇಲ್ಲಿ ಹಾಕಬಹುದಾದ ಒಂದೇ ಸ್ಮಾರ್ಟ್ ಸಾಮಾನು ಯೂನಿಟ್ ತೋರಿಸುವ 16 ಆಂಪಿಯರ್ ಪ್ಲಗ್. ಎಸಿ, ಗೀಸರ್, ಕೂಲರ್ ಯಾವುದು ಎಷ್ಟು ತಿನ್ನುತ್ತಿದೆ ಎಂದು ತಿಂಗಳ ನಡುವೆಯೇ ಗೊತ್ತಾಗುತ್ತದೆ. ಒಂದು ತಂದು ಸರದಿ ಮೇಲೆ ಹಾಕಿ ನೋಡಿದರೆ ಸಾಕು. ಬೀದರಿನ ಚಳಿಗೆ ಗೀಸರ್ ಹಚ್ಚಿ ಮರೆಯುವ ಮನೆಗಳಿಗೂ ಇದು ಒಳ್ಳೇದು. 10 ಆಂಪಿಯರ್ ಪ್ಲಗ್ ಅಗ್ಗ ಎಂದು ಗೀಸರಿಗೆ ಹಚ್ಚಬೇಡಿ, ಕಾದು ಕರಗೀತು.

ಕೂಲರ್ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ತಗಡಿನ ಕೂಲರ್, ಒಳಗೆ ನೀರು, ಒದ್ದೆ ನೆಲ, ಬರಿಗಾಲು. ಬೇಸಿಗೆ ಬಂತೆಂದರೆ ಕೂಲರ್ ಮುಟ್ಟಿ ಶಾಕ್ ಹೊಡೆದು ಸತ್ತವರ ಸುದ್ದಿ ಓದುತ್ತಲೇ ಇರುತ್ತೇವೆ. ಅದಕ್ಕೆ ವೈಫೈ ಪ್ಲಗ್ ಹಾಕುವ ಮೊದಲು ಮನೆಯ ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಸರಿ ಇದೆಯೇ ಎಂದು ನೋಡಿಸಿ. ಕರೆಂಟ್ ಮನುಷ್ಯನ ಮೈಯಿಂದ ನೆಲಕ್ಕೆ ಹರಿಯತೊಡಗಿದರೆ ಅದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಲೈನ್ ಕಡಿಯುತ್ತದೆ. ಲೋಡ್ ಜಾಸ್ತಿಯಾದಾಗ ಬೀಳುವ ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಎರಡು ಮೂರು ಸಾವಿರದ ಮಾತು. ಈ ಬರಹದಲ್ಲಿ ಒಂದನ್ನಾದರೂ ಈ ವಾರವೇ ಮಾಡಿಸುತ್ತೀರಿ ಅಂದರೆ ಇದನ್ನೇ ಮಾಡಿಸಿ.

ಅಡುಗೆಮನೆಗೆ ಗ್ಯಾಸ್ ಸೋರಿದರೆ ಕೂಗುವ ಡಿಟೆಕ್ಟರ್ ಕೂಡ ಹೀಗೆ ನೆಟ್ ಇಲ್ಲದೆ ನಡೆಯುತ್ತದೆ. ಸಿಲಿಂಡರಿನ ಗ್ಯಾಸ್ ಗಾಳಿಗಿಂತ ಭಾರ, ನೆಲ ಹಿಡಿದು ಹರಡುತ್ತದೆ. ಹಾಗಾಗಿ ಅದನ್ನು ನೆಲದಿಂದ ಒಂದಡಿ ಎತ್ತರದಲ್ಲಿ ಹಾಕಬೇಕು. ಚಂದ ಕಾಣಲಿ ಎಂದು ಮೇಲೆ ಹಾಕಿದರೆ ಅದು ಕೂಗುವ ಹೊತ್ತಿಗೆ ತಡವಾಗಿರುತ್ತದೆ.

ವೈಫೈ ಹಾಕಲೇಬೇಕು ಅನ್ನುವವರಿಗೆ

ಕಲ್ಲಿನ ಮನೆಯಲ್ಲಿ ಇದು ಮೊದಲು ಸಿಗ್ನಲ್‌ನ ಪ್ರಶ್ನೆ. ಶಹಾಬಾದ್ ಕಡೆಯ ಹಳೇ ಮನೆಗಳ ಕಲ್ಲಿನ ಗೋಡೆ, ಬೀದರಿನ ಜಂಬಿಟ್ಟಿಗೆಯ ದಪ್ಪ ಗೋಡೆ ತಂಪಿಗೆ ಒಳ್ಳೇದು, ವೈಫೈಗೆ ಅಲ್ಲ. ಪಡಸಾಲೆಯ ರೌಟರ್ ಹಿಂದಿನ ಕೋಣೆಗೆ ಮುಟ್ಟದಿದ್ದರೆ ಅಲ್ಲಿ ಹಾಕಿದ ಸ್ಮಾರ್ಟ್ ಸ್ವಿಚ್ಚು ದಿನಕ್ಕೆ ಹತ್ತು ಸಲ ಆಫ್‌ಲೈನ್ ಎನ್ನುತ್ತದೆ. ಕೊಳ್ಳುವ ಮೊದಲು ಫೋನ್ ಹಿಡಿದು ಆ ಮೂಲೆಯಲ್ಲಿ ನಿಂತು ಸಿಗ್ನಲ್ ನೋಡಿ. ಇಂಥ ಸಾಮಾನಿನಲ್ಲಿ ಹೆಚ್ಚಿನವು ರೌಟರಿನ 2.4 ಗಿಗಾಹರ್ಟ್ಸ್ ಸಿಗ್ನಲ್‌ನಲ್ಲೇ ನಡೆಯುತ್ತವೆ, 5ರಲ್ಲಿ ಅಲ್ಲ ಅನ್ನುವುದೂ ನೆನಪಿರಲಿ.

ಎರಡನೇ ಪ್ರಶ್ನೆ ಕರೆಂಟ್. ರೌಟರ್‌ಗೆ ಇನ್ವರ್ಟರ್ ಲೈನ್ ಅಥವಾ ಸಾವಿರ ಚಿಲ್ಲರೆಯ ಸಣ್ಣ ಯುಪಿಎಸ್ ಇಲ್ಲದಿದ್ದರೆ ಇಡೀ ವ್ಯವಸ್ಥೆ ಕರೆಂಟ್ ಜೊತೆಗೇ ಮಲಗುತ್ತದೆ. ಕರೆಂಟ್ ವಾಪಸ್ ಬಂದಾಗ ಇನ್ನೊಂದು ತೊಂದರೆ. ಹಲವು ಸ್ಮಾರ್ಟ್ ಬಲ್ಬುಗಳು ಪೂರ್ತಿ ಬೆಳಕಿನಲ್ಲಿ ಹತ್ತಿಕೊಳ್ಳುತ್ತವೆ. ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದು ಮಲಗಿದ ಕೋಣೆಯ ದೀಪ ಭಗ್ಗನೆ ಹತ್ತಿದರೆ ಆಟೊಮೇಷನ್ ಮೇಲಿನ ಪ್ರೀತಿ ಅಲ್ಲಿಗೆ ಮುಗಿಯಿತು. ಕರೆಂಟ್ ಬಂದಾಗ ಮೊದಲಿನ ಸ್ಥಿತಿಯಲ್ಲೇ ಉಳಿಯುವ ಸೆಟ್ಟಿಂಗ್ ಆ್ಯಪಿನಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸಿ. ಬಲ್ಬಿಗಿಂತ ಸ್ವಿಚ್ ಬೋರ್ಡಿನ ಹಿಂದೆ ಕೂರುವ ರಿಲೇ ಎಂಬ ಪುಟ್ಟ ಸ್ಮಾರ್ಟ್ ಡಬ್ಬಿ ಒಳ್ಳೇದು. ಗೋಡೆಯ ಸ್ವಿಚ್ ಹಾಗೇ ಉಳಿಯುತ್ತದೆ, ಅವ್ವ ಎಂದಿನಂತೆ ಟಕ್ ಎನ್ನಿಸಿದರೆ ದೀಪ ಹತ್ತುತ್ತದೆ. ಇದಕ್ಕೆ ಬೋರ್ಡಿನಲ್ಲಿ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್, ಬೇಕಾಗುತ್ತದೆ. ಬೋರ್ಡಿನಲ್ಲಿ ಸಾಕೆಟ್ ಇದ್ದರೆ ನ್ಯೂಟ್ರಲ್ ಇರುತ್ತದೆ. ಬರೀ ಸ್ವಿಚ್ಚುಗಳೇ ಇದ್ದರೆ ವೈರ್‌ಮನ್‌ನಿಂದ ತೆರೆಸಿ ನೋಡಿಸಿ.

ಮಾತು ಕೇಳುವ ಸ್ಪೀಕರ್ ಹಿರಿಯರಿಗೆ ಅನುಕೂಲ ಎನ್ನುತ್ತಾರೆ. ಅಮೆಜಾನ್ ಸ್ಪೀಕರಿನ ಅಲೆಕ್ಸಾಗೆ ಇಂಗ್ಲಿಷ್, ಹಿಂದಿ ಬರುತ್ತದೆ, ಕನ್ನಡದಲ್ಲಿ ಮಾತಾಡಿ ಮನೆ ನಡೆಸಲು ಆಗುವುದಿಲ್ಲ. ನಮ್ಮ ಕಡೆ ಹಿಂದಿ, ಉರ್ದು ಬಲ್ಲ ಹಿರಿಯರು ಬಹಳ, ಅವರು ನಡೆಸಬಲ್ಲರು. ಆದರೂ ಸದಾ ಕಿವಿ ತೆರೆದಿರುವ ಮೈಕನ್ನು ಮಲಗುವ ಕೋಣೆಯಲ್ಲಿ ಇಡಬೇಡಿ.

ಕಂಪನಿ ಬಾಗಿಲು ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆಗಳಿವೆ. ಅಮೆರಿಕದಲ್ಲಿ 300 ಡಾಲರ್ ಕೊಟ್ಟು ತಂದ ರಿವಾಲ್ವ್ ಎಂಬ ಹಬ್ ಅನ್ನು 2016ರಲ್ಲಿ ಅದರ ಮಾಲೀಕ ಕಂಪನಿಯೇ ಸರ್ವರ್ ಸಮೇತ ನಿಲ್ಲಿಸಿತು. 2022ರ ಏಪ್ರಿಲ್‌ನಲ್ಲಿ ಸ್ಮಾರ್ಟ್ ಸ್ವಿಚ್ಚು ಮಾರುತ್ತಿದ್ದ ಇನ್‌ಸ್ಟಿಯಾನ್ ಕಂಪನಿಯ ಸರ್ವರ್‌ಗಳು ಮುನ್ಸೂಚನೆ ಇಲ್ಲದೆ ಬಂದ್ ಆದವು, ಗ್ರಾಹಕರ ಆ್ಯಪು ನಿಂತು ಹೋಯಿತು. ಹೆಸರು ಕೇಳದ ಬ್ರ್ಯಾಂಡಿನ ಅಗ್ಗದ ಪ್ಲಗ್ ಕೊಳ್ಳುವಾಗ ಇದನ್ನು ಲೆಕ್ಕಕ್ಕೆ ಹಿಡಿಯಿರಿ. ಮ್ಯಾಟರ್ ಎಂಬ ಹೊಸ ಮಾನದಂಡ 2022ರ ಅಕ್ಟೋಬರ್‌ನಲ್ಲಿ ಬಂದಿದೆ. ಅದರ ಗುರುತು ಇರುವ ಸಾಮಾನು ಮನೆಯೊಳಗಿನ ನೆಟ್‌ವರ್ಕ್ ಮೇಲೇ ನಡೆಯಬಲ್ಲದು, ಬೇರೆ ಬೇರೆ ಕಂಪನಿಯವು ಒಂದರ ಜೊತೆ ಒಂದು ಹೊಂದಿಕೊಳ್ಳುತ್ತವೆ. ನೂರಿನ್ನೂರು ಜಾಸ್ತಿ ಆದರೂ ಅದನ್ನೇ ತನ್ನಿ.

ಇನ್ನು ಮನೆಯೊಳಗಿನ ಹಬ್. ಭದ್ರತೆಯಲ್ಲಿ, ಬಾಳಿಕೆಯಲ್ಲಿ ಇದೇ ಎಲ್ಲಕ್ಕಿಂತ ಮೇಲು. ಹೋಮ್ ಅಸಿಸ್ಟೆಂಟ್ 2013ರಿಂದ ಬೆಳೆದು ಬಂದದ್ದು, ಸಾವಿರಾರು ಬಗೆಯ ಸಾಮಾನನ್ನು ಒಂದೇ ಕಡೆ ತರುತ್ತದೆ. ಜಿಗ್‌ಬೀಯಲ್ಲಿ ಒಂದು ಸ್ವಿಚ್ಚು ಇನ್ನೊಂದಕ್ಕೆ ಸುದ್ದಿ ದಾಟಿಸುವುದರಿಂದ ದಪ್ಪ ಗೋಡೆಯ ಕಾಟವೂ ಕಡಿಮೆ. ಹಾಗಿದ್ದೂ ನಾನು ಎಲ್ಲರಿಗೂ ಇದನ್ನು ಹೇಳುವುದಿಲ್ಲ. ಮನೆಯಲ್ಲಿ ಇದರ ಹುಚ್ಚು ಇರುವವರು ಒಬ್ಬರು ಬೇಕು, ಅವರು ಅಲ್ಲೇ ಇರಬೇಕು. ರಜೆಗೆ ಬಂದ ಮಗ ಹಾಕಿಕೊಟ್ಟು ಪುಣೆಗೆ ಹೋದ ಮೇಲೆ ಮೆಮರಿ ಕಾರ್ಡ್ ಕೆಟ್ಟರೆ ಅಪ್ಪ ಯಾರನ್ನು ಕರೆಯಬೇಕು? ವೈರ್‌ಮನ್‌ಗೆ ಅದು ಗೊತ್ತಿಲ್ಲ. ನೀವು ಅಲ್ಲೇ ಇರುವವರಾದರೆ, ಕಲಿಯುವ ಆಸೆ ಇದ್ದರೆ, ಕಣ್ಣು ಮುಚ್ಚಿ ಇದನ್ನೇ ಮಾಡಿ.

ಕ್ಯಾಮೆರಾ

ಜನ ಮೊದಲು ಕೊಳ್ಳುವುದು ಕ್ಯಾಮೆರಾ, ಕೊನೆಗೆ ಕೊಳ್ಳಬೇಕಾದದ್ದೂ ಅದೇ. ಬಲ್ಬು ಹ್ಯಾಕ್ ಆದರೆ ದೀಪ ಮಿಣುಕೀತು. ಕ್ಯಾಮೆರಾ ಹ್ಯಾಕ್ ಆದರೆ ಮನೆಯ ಹೆಣ್ಣುಮಕ್ಕಳ ಮಾನ ಹೋಗುತ್ತದೆ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟದ ಒಂದು ಹೆರಿಗೆ ಆಸ್ಪತ್ರೆಯ ಸಿಸಿಟಿವಿ ದೃಶ್ಯಗಳು ಯೂಟ್ಯೂಬ್, ಟೆಲಿಗ್ರಾಂ ಮೂಲಕ ಹೊರಬಂದವು. ತಪಾಸಣೆಗೆ ಬಂದ ಹೆಣ್ಣುಮಕ್ಕಳ ದೃಶ್ಯಗಳನ್ನು ದುಡ್ಡಿಗೆ ಮಾರಿದ್ದರು. ಕ್ಯಾಮೆರಾ ಮಾರುವ ಅಮೆರಿಕದ ರಿಂಗ್ ಕಂಪನಿಯ ನೌಕರರೇ ಗ್ರಾಹಕರ ಮನೆಯೊಳಗಿನ ವಿಡಿಯೊ ನೋಡುತ್ತಿದ್ದರು ಎಂಬ ಆರೋಪದ ಮೇಲೆ ಅಲ್ಲಿನ ವ್ಯಾಪಾರ ಆಯೋಗ ಕೇಸು ಹಾಕಿತು, 2023ರಲ್ಲಿ ಕಂಪನಿ 58 ಲಕ್ಷ ಡಾಲರ್ ಕೊಡಲು ಒಪ್ಪಿತು. 2024ರ ಫೆಬ್ರವರಿಯಲ್ಲಿ ವೈಜ್ ಎಂಬ ಇನ್ನೊಂದು ಕ್ಯಾಮೆರಾ ಕಂಪನಿಯ ಸರ್ವರ್ ಎಡವಟ್ಟಿನಿಂದ ಸುಮಾರು 13,000 ಜನರಿಗೆ ಬೇರೆಯವರ ಕ್ಯಾಮೆರಾದ ಚಿತ್ರ ಕಂಡವು. ಅಲ್ಲಿ ಯಾರೂ ಹ್ಯಾಕ್ ಮಾಡಿರಲಿಲ್ಲ. 2016ರಲ್ಲಿ ಮಿರಾಯ್ ಎಂಬ ವೈರಸ್ಸು ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನೇ ಇಟ್ಟುಕೊಂಡ ಕ್ಯಾಮೆರಾ, ಡಿವಿಆರ್ (ವಿಡಿಯೊ ರೆಕಾರ್ಡರ್) ಗಳನ್ನು ಹುಡುಕಿ ಹುಡುಕಿ ಸೇರಿಕೊಂಡಿತು. ಹ್ಯಾಕರ್‌ಗಳು ಅವುಗಳ ದಂಡು ಕಟ್ಟಿ ಅಕ್ಟೋಬರ್ 21ರಂದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವು ಗಂಟೆ ಸಿಗದಂತೆ ಮಾಡಿದರು. ಆ ಕ್ಯಾಮೆರಾಗಳ ಮಾಲೀಕರಲ್ಲಿ ಹೆಚ್ಚಿನವರಿಗೆ ಇದರ ಅರಿವೇ ಇರಲಿಲ್ಲ.

ಕೊಳ್ಳುವುದೇ ಆದರೆ ಆಯ್ಕೆಗಳು ಹೀಗಿವೆ. ಒಂದೂವರೆಯಿಂದ ಮೂರು ಸಾವಿರದ ವೈಫೈ ಕ್ಯಾಮೆರಾ, ಅದರಲ್ಲೇ ಎಸ್‌ಡಿ ಕಾರ್ಡು, ಬೇಕಾದರೆ ವಿಡಿಯೊವನ್ನು ಕಂಪನಿಯ ಸರ್ವರಿನಲ್ಲಿ ಇಡುವ, ತಿಂಗಳ ಬಾಡಿಗೆಯ ಕ್ಲೌಡು. ಇಲ್ಲವೇ ನಾಲ್ಕು ಕ್ಯಾಮೆರಾ, ವೈರು, ರೆಕಾರ್ಡರ್ ಸೇರಿ 15ರಿಂದ 25 ಸಾವಿರದ ಸೆಟ್ಟು. ನೆಟ್ ಇಲ್ಲದ ಪ್ಲಾಟಿಗೋ ಹೊಲದ ಮನೆಗೋ ಸಿಮ್ ಹಾಕುವ ಸೋಲಾರ್ ಕ್ಯಾಮೆರಾ. ಅಂಗಡಿ, ಗೋದಾಮು, ದೊಡ್ಡ ಕಾಂಪೌಂಡು ಇದ್ದವರಿಗೆ ವೈರಿನ ಸೆಟ್ಟೇ ಸರಿ. ರೆಕಾರ್ಡರ್‌ಗೆ ನೆಟ್ ಕೊಡದೆಯೂ ಅದು ವಾರಗಟ್ಟಲೆ ಬರೆದಿಡುತ್ತದೆ. ಸಾಮಾನ್ಯ ಮನೆಗೆ ಗೇಟಿನ ಕಡೆ ಮುಖ ಮಾಡಿದ ಒಂದು ಕ್ಯಾಮೆರಾ, ಎಸ್‌ಡಿ ಕಾರ್ಡು ಹಾಕಿದ್ದು, ಕ್ಲೌಡಿಲ್ಲದೆ. ಕಳ್ಳ ಕಾರ್ಡು ಸಮೇತ ಕಿತ್ತುಕೊಂಡು ಹೋದರೆ ಎಂಬ ಮಾತು ಸರಿಯೇ. ಅದಕ್ಕೆ ಕೈಗೆ ಎಟುಕದ ಎತ್ತರದಲ್ಲಿ ಹಾಕಿ.

ಇಂಟರ್‌ನೆಟ್‌ಗೆ ಸೇರುವ ಸಿಸಿಟಿವಿ ಕ್ಯಾಮೆರಾ ಮಾರಲು 2025ರ ಏಪ್ರಿಲ್ 9ರಿಂದ ಕೇಂದ್ರ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಕೊಳ್ಳುವಾಗ ಮಾಡೆಲ್ ನಂಬರ್ ಹೇಳಿ, ಆ ಪರೀಕ್ಷೆ ಪಾಸಾದದ್ದಕ್ಕೆ ಕೊಡುವ ಎಸ್‌ಟಿಕ್ಯೂಸಿ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಹಳೇ ಸ್ಟಾಕು ಅಗ್ಗಕ್ಕೆ ಸಿಗುತ್ತದೆ ಎಂದು ಹೋಗಬೇಡಿ.

ನಮ್ಮ ಊರುಗಳಲ್ಲಿ ದೊಡ್ಡ ಅಪಾಯ ರಷ್ಯಾದ ಹ್ಯಾಕರ್ ಅಲ್ಲ, ಸೆಟ್ಟಿಂಗ್ ಮಾಡಿಕೊಟ್ಟವರ ಫೋನು. ಕ್ಯಾಮೆರಾ ಹಾಕಲು ಬಂದವರು ತಮ್ಮದೇ ನಂಬರಿನಿಂದ ಖಾತೆ ತೆರೆದು, ಅದನ್ನು ನಿಮ್ಮ ಫೋನಿಗೆ ಹಂಚಿ ಹೋಗುತ್ತಾರೆ. ಕೆಟ್ಟ ಉದ್ದೇಶ ಇರಬೇಕೆಂದಿಲ್ಲ, ಅವರಿಗೆ ಅದು ಬೇಗ ಮುಗಿಯುವ ದಾರಿ. ಆದರೆ ಆಮೇಲೆ ನಿಮ್ಮ ಅಂಗಳದ ನಿಜವಾದ ಮಾಲೀಕರು ಅವರೇ. ಅವರು ಫೋನ್ ಮಾರಿದರೆ, ಅಂಗಡಿ ಬದಲಿಸಿದರೆ ಆ ಖಾತೆ ಎಲ್ಲಿಗೆ ಹೋಯಿತು? ಅದಕ್ಕೇ ಎದುರಿಗೆ ಕೂತು ನಿಮ್ಮ ನಂಬರಿನಲ್ಲೇ ಖಾತೆ ತೆರೆಸಿ. ಅವರು ಹೋದ ಕೂಡಲೇ ಪಾಸ್‌ವರ್ಡ್ ಬದಲಿಸಿ. ಎರಡು ಹಂತದ ಲಾಗಿನ್ ಇದ್ದರೆ ಚಾಲೂ ಮಾಡಿ. ಆ್ಯಪಿನಲ್ಲಿ ಯಾರ್ಯಾರಿಗೆ ಹಂಚಿಕೆ ಇದೆ ಎಂದು ಆಗಾಗ ನೋಡಿ. ರೌಟರ್‌ಗೂ ಇದೇ ಮಾತು. ನೆಟ್ ಹಾಕಿದವರು ಬಿಟ್ಟು ಹೋದ ಅಡ್ಮಿನ್ ಪಾಸ್‌ವರ್ಡ್ ಇನ್ನೂ ಹಾಗೇ ಇದ್ದರೆ ಮನೆಯ ಬೀಗದ ಕೈ ಬಾಗಿಲಿಗೇ ತೂಗುಹಾಕಿದ ಹಾಗೆ. ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ಮಾಡಿ ಎಲ್ಲ ಸ್ಮಾರ್ಟ್ ಸಾಮಾನನ್ನು ಅದಕ್ಕೇ ಸೇರಿಸಿ. ಬ್ಯಾಂಕಿನ ಕೆಲಸ ಮಾಡುವ ಫೋನು, ಲ್ಯಾಪ್‌ಟಾಪ್ ಬೇರೆ ನೆಟ್‌ವರ್ಕಿನಲ್ಲಿ ಇರಲಿ. ಒಳಗಿನ ಸಾಮಾನು ನಿಮ್ಮನ್ನು ಕೇಳದೆ ಹೊರಗಿನ ನೆಟ್‌ಗೆ ಬಾಗಿಲು ತೆರೆಯಲು ಬಿಡುವ ಯುಪಿಎನ್‌ಪಿ ಎಂಬ ಸೆಟ್ಟಿಂಗ್ ಇದ್ದರೆ ಬಂದ್ ಮಾಡಿ.

ಮನೆಯೊಳಗೆ ಕ್ಯಾಮೆರಾ ಬೇಡ. ದೂರದ ಊರಿನಲ್ಲಿರುವ ಮಕ್ಕಳಿಗೆ ಈ ಮಾತು ಕಹಿಯಾಗಬಹುದು. ಅಪ್ಪ ಬಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಚಿಂತೆ ನಿಜ. ಆದರೆ ಪಡಸಾಲೆಯಲ್ಲಿ ಕ್ಯಾಮೆರಾ ಇದ್ದರೆ ಅವ್ವ ಸೆರಗು ಸಡಿಲಿಸಿ ಫ್ಯಾನ್ ಕೆಳಗೆ ಕೂರುವ ಹಾಗಿಲ್ಲ, ನೆರೆಮನೆಯಾಕೆ ಬಂದು ಮನಸ್ಸು ಬಿಚ್ಚಿ ಮಾತಾಡುವ ಹಾಗಿಲ್ಲ. ಅದರ ಬದಲು ಅಡುಗೆಮನೆಯ ಬಾಗಿಲಿಗೆ ಒಂದು ಡೋರ್ ಸೆನ್ಸರ್ ಹಾಕಿ. ಬಾಗಿಲು ತೆರೆದಾಗ ಫೋನಿಗೆ ಸುದ್ದಿ ಬರುತ್ತದೆ. ಬೆಳಗ್ಗೆ ಎಂಟಾದರೂ ಬರದಿದ್ದರೆ ಫೋನ್ ಮಾಡಿ. ಮಂಚದ ಪಕ್ಕ, ಬಚ್ಚಲಿನಲ್ಲಿ ವೈರ್‌ಲೆಸ್ ಬೆಲ್ಲಿನ ಗುಂಡಿ ಇಟ್ಟು ಅದರ ಬೆಲ್ಲನ್ನು ಪಕ್ಕದ ಮನೆಯಲ್ಲಿ ಹಾಕಿಸಿದರೆ ಇನ್ನೂ ಒಳ್ಳೇದು. ಐದಾರು ನೂರರಲ್ಲಿ ಆಗುವ ಕೆಲಸ. ಬೆಂಗಳೂರಿನಲ್ಲಿ ವಿಡಿಯೊ ನೋಡುವ ಮಗನಿಗಿಂತ ಗೋಡೆಯಾಚೆಯ ಕಾಕಾ ಬೇಗ ಬರುತ್ತಾರೆ. ಹಾಗೂ ಕ್ಯಾಮೆರಾ ಬೇಕೇ ಬೇಕು ಅನ್ನಿಸಿದರೆ ಮೊದಲು ಅವ್ವನನ್ನು ಕೇಳಿ. ಆಕೆ ಬೇಡ ಅಂದರೆ ಬೇಡ.

ಸ್ಮಾರ್ಟ್ ಬೀಗ

ಎಂಟು ಹತ್ತು ಸಾವಿರದಿಂದ ಶುರು. ಎರಡು ಫಡಕಿನ ಹಳೇ ಬಾಗಿಲಿಗೆ ಹೊಂದುವುದಿಲ್ಲ. ರೇಷನ್ ಅಂಗಡಿಯಲ್ಲಿ ಹಿರಿಯರ ಹೆಬ್ಬೆಟ್ಟು ಹಿಡಿಯದೆ ಮತ್ತೆ ಮತ್ತೆ ಒತ್ತಿಸುವುದನ್ನು ನೋಡಿದ್ದೇವೆ. ಪಾತ್ರೆ ತಿಕ್ಕಿ, ಹೊಲದ ಕೆಲಸ ಮಾಡಿ ಸವೆದ ಬೆರಳು ಇಲ್ಲೂ ಹಾಗೇ. ಬ್ಯಾಟರಿ ಮುಗಿದರೆ ತೆರೆಯಲು ಮಾಮೂಲಿ ಕೀಲಿ ಇರಲೇಬೇಕು. ಬಾಡಿಗೆಗೆ ಕೊಡುವ ಕೋಣೆಗಳಿಗೆ, ಪಿಜಿಗಳಿಗೆ ನಂಬರ್ ಒತ್ತುವ ಬೀಗ ಉಪಯೋಗವಾದೀತು. ಮನೆಯ ತಲೆಬಾಗಿಲಿಗೆ ಒಳ್ಳೇ ಕಂಪನಿಯ ಸಾದಾ ಬೀಗವೇ ಇರಲಿ.

ಹೊಸ ಮನೆ ಕಟ್ಟುವವರಿಗೆ, ಬಾಡಿಗೆಯವರಿಗೆ

ಜೇವರ್ಗಿ ರಸ್ತೆ, ಸೇಡಂ ರಸ್ತೆ, ಆಳಂದ ರಸ್ತೆ ಕಡೆ ಹೊಸ ಲೇಔಟ್‌ಗಳಲ್ಲಿ ಮನೆ ಏಳುತ್ತಿವೆ. ಕಟ್ಟುತ್ತಿರುವವರು ಈಗಲೇ ಸ್ಮಾರ್ಟ್ ಸಾಮಾನು ಕೊಳ್ಳುವ ಅಗತ್ಯವಿಲ್ಲ, ಪೈಪು ಹಾಕಿಸಿದರೆ ಸಾಕು. ಪ್ಲಾಸ್ಟರ್ ಆಗುವ ಮೊದಲು ಪ್ರತಿ ಸ್ವಿಚ್ ಬೋರ್ಡಿಗೂ ನ್ಯೂಟ್ರಲ್ ಎಳೆಸಿ, ಬೋರ್ಡಿನ ಡಬ್ಬಿ ಆಳವಾಗಿರಲಿ. ರೌಟರ್ ಇಡುವ ಜಾಗದಿಂದ ಪ್ರತಿ ಮಹಡಿಗೆ, ಗೇಟಿಗೆ, ಮಾಳಿಗೆಯ ಟ್ಯಾಂಕಿಗೆ ಖಾಲಿ ಪೈಪು ಹಾಕಿಸಿ, ಲ್ಯಾನ್ ವೈರ್ ಬಿಡಿಸಿ. ಗೋಡೆ ತೆರೆದಿರುವಾಗ ಇದರ ಖರ್ಚು ಕಡಿಮೆ, ಆಮೇಲೆ ಗೋಡೆ ಒಡೆಸಿ ಮಾಡಿಸುವುದು ಎಷ್ಟೋ ಪಟ್ಟು.

ಬಾಡಿಗೆ ಮನೆಯವರು ಪ್ಲಗ್, ಬೆಲ್, ಸೆನ್ಸರ್ ಬಲ್ಬಿನಂಥ ಕಿತ್ತುಕೊಂಡು ಹೋಗಬಹುದಾದ ಸಾಮಾನಿಗೆ ಮಾತ್ರ ದುಡ್ಡು ಹಾಕಿ. ಮನೆ ಬಿಡುವಾಗ, ಸಾಮಾನು ಮಾರುವಾಗ ಅಥವಾ ಯಾರಿಗಾದರೂ ಕೊಡುವಾಗ ಎಸ್‌ಡಿ ಕಾರ್ಡು ತೆಗೆಯಿರಿ, ರಿಸೆಟ್ ಗುಂಡಿ ಒತ್ತಿ, ಆ್ಯಪಿನಿಂದಲೂ ಆ ಸಾಮಾನನ್ನು ತೆಗೆದುಹಾಕಿ. ಹೊಸ ಬಾಡಿಗೆ ಮನೆಗೆ ಹೋದಾಗ ಅಲ್ಲಿ ಮೊದಲೇ ಕ್ಯಾಮೆರಾ ಇದ್ದರೆ ಅದು ಯಾರ ಫೋನಿಗೆ ಸೇರಿದೆ ಎಂದು ಮನೆ ಮಾಲೀಕರನ್ನು ನೇರವಾಗಿ ಕೇಳಿ. ಉತ್ತರ ಸಿಗುವವರೆಗೂ ಅದರ ವೈರ್ ತೆಗೆದಿಡಿ. ನಿಮ್ಮ ಖಾಸಗಿ ದೃಶ್ಯ ಹೊರಗೆ ಹೋಗಿದೆ ಎಂಬ ಅನುಮಾನ ಬಂದರೆ ನಾಚಿಕೊಂಡು ಮುಚ್ಚಿಡಬೇಡಿ. ಐಟಿ ಕಾಯ್ದೆಯ 66ಇ ಕಲಂ ಪ್ರಕಾರ ಅದು ಮೂರು ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ಫೋನಿನಲ್ಲಿ ಕಂಡದ್ದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ಜಿಲ್ಲೆಯ ಸೈಬರ್ ಅಪರಾಧ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.